ನಾನು ರಾಕರ್ ಎಂದುಕೊಂಡಿದ್ದ ತಿರುವು

ಸುಮಾರು ಎರಡು ವರ್ಷಗಳ ಕಾಲ ನನಗೆ ಫಿಗರ್ ಸ್ಕೇಟಿಂಗಿನ ರಾಕರ್ ತಿರುವು ಬರುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಎಡಗಾಲಿನ ಬ್ಲೇಡಿನ ಹೊರ ಅಂಚಿನ ಮೇಲೆ ಮುಂದಕ್ಕೆ ಜಾರುತ್ತ ಬಂದು, ಅದೇ ಕಾಲಿನ ಮೇಲೆ ಹಿಮ್ಮುಖವಾಗಿ ತಿರುಗಿ, ಮತ್ತೆ ಹೊರ ಅಂಚಿನ ಮೇಲೆಯೇ ಹಿಂದಕ್ಕೆ ಸಾಗುತ್ತಿದ್ದೆನಾದ್ದರಿಂದ ಅನುಮಾನಪಡಲು ಕಾರಣವೂ ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ, ಯಂತ್ರ ಓಡಿಸಿ ಆಗಷ್ಟೇ ಸಮಗೊಳಿಸಿದ್ದ ಐಸ್ ಮೇಲೆ ಅಭ್ಯಾಸಕ್ಕೆ ಇಳಿದಾಗ, ನನ್ನ ಕೋಚ್ ನನ್ನನ್ನು ನಿಲ್ಲಿಸಿ, ನಾನು ಬಿಟ್ಟುಬಂದ ಜಾಡಿನ ಪಕ್ಕದಲ್ಲಿ ಮೊಣಕಾಲೂರಿ ಕುಳಿತರು. "ಇಲ್ಲಿ ನೋಡಿ, ನೀವು ತಿರುಗಿದ್ದು ಇಲ್ಲಿ. ಹೊರ ಅಂಚಿಗೆ ಬಂದದ್ದು ಅಲ್ಲಿ. ನಡುವೆ ಒಂದು ಗೇಣು ಅಂತರವಿದೆ. ರಾಕರ್‌ನಲ್ಲಿ ಅಂಚು ಬದಲಾಗಲೇಬಾರದಲ್ಲವೇ?" ಎಂದರು. ನಾನೂ ಬಗ್ಗಿ ನೋಡಿದೆ. ತಿರುವಿನ ಮೊನೆಯಾದ ಮೇಲೆ ಗೆರೆ ಒಂದಿಷ್ಟು ದೂರ ಹಳೆಯ ವೃತ್ತದಲ್ಲಿಯೇ ಮುಂದುವರಿದು, ಆಮೇಲೆ ಎರಡು ಸಮಾನಾಂತರ ಗೆರೆಗಳಾಗಿ ಒಡೆದು, ಕೊನೆಗೆ ಹೊಸ ವೃತ್ತದೊಳಕ್ಕೆ ಹೊರಳಿತ್ತು. ನಾನು ಅಷ್ಟು ದಿನ ಮಾಡುತ್ತಿದ್ದುದು ತಿರುಗುವಾಗಲೇ ಅಂಚು ಬದಲಾಗುವ ಒಂದು ಸಾಧಾರಣ ತ್ರೀ ಟರ್ನ್ ಮತ್ತು ಅದರ ಬೆನ್ನಿಗೇ ಗುಟ್ಟಾಗಿ ನಡೆಯುತ್ತಿದ್ದ ಒಂದು ಅಂಚಿನ ಬದಲಾವಣೆ.

ಆ ಎರಡು ಸಮಾನಾಂತರ ಗೆರೆಗಳ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಫಿಗರ್ ಸ್ಕೇಟಿನ ಬ್ಲೇಡ್ ಸುಮಾರು 4 ಮಿಲಿಮೀಟರ್ ದಪ್ಪವಿರುತ್ತದೆ. ಅದರ ಅಡಿಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುವುದರಿಂದ ಒಳಗೊಂದು ಹೊರಗೊಂದು, ಹೀಗೆ ಎರಡು ಅಂಚುಗಳು ಉಂಟಾಗುತ್ತವೆ. ಸರಿಯಾಗಿ ವಾಲಿಕೊಂಡು ಜಾರಿದರೆ ಒಂದೇ ಅಂಚು ಐಸನ್ನು ಕೊರೆಯುತ್ತದೆ, ಒಂದೇ ಗೆರೆ ಬೀಳುತ್ತದೆ. ನೆಟ್ಟಗೆ ನಿಂತುಬಿಟ್ಟರೆ ಎರಡೂ ಅಂಚುಗಳು ತಗುಲಿ ಜೋಡಿಗೆರೆ ಬೀಳುತ್ತದೆ. ಸ್ಕೇಟ್ ಮಾಡುವವರ ಅನಿಸಿಕೆ ಏನೇ ಇರಲಿ, ಜೋಡಿಗೆರೆ ಎಲ್ಲಿ ಕಂಡಿತೋ ಅಲ್ಲಿ ಅಂಚು ಇರಲಿಲ್ಲ ಎಂದೇ ಅರ್ಥ.

ಒಂಟಿಕಾಲಿನ ಅರ್ಧಸುತ್ತಿನ ತಿರುವುಗಳು ನಾಲ್ಕು: ತ್ರೀ ಟರ್ನ್, ಬ್ರಾಕೆಟ್, ರಾಕರ್, ಕೌಂಟರ್. ಇವುಗಳ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡರೆ ಗೋಜಲು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ತಿರುಗಿದ ಮೇಲೆ ಅಂಚು ಬದಲಾಗುತ್ತದೆಯೇ, ಇಲ್ಲವೇ? ದೇಹ ತಿರುಗುವುದು ನಾವು ಸಾಗುತ್ತಿರುವ ಬಾಗಿನ ದಿಕ್ಕಿಗೋ, ಅದಕ್ಕೆ ಎದುರಾಗಿಯೋ? ತ್ರೀ ಟರ್ನ್‌ನಲ್ಲಿ ಅಂಚು ಬದಲಾಗುತ್ತದೆ, ದೇಹ ಬಾಗಿನ ದಿಕ್ಕಿಗೇ ತಿರುಗುತ್ತದೆ, ಜಾಡು ಅದೇ ವೃತ್ತದಲ್ಲಿ ಉಳಿದು ಮೊನೆ ವೃತ್ತದ ಒಳಮುಖವಾಗಿರುತ್ತದೆ. ಐಸ್ ಮೇಲೆ ಮೂಡುವುದು 3ರ ಆಕಾರ (ನಮ್ಮ ೩ ಅಲ್ಲ). ಬ್ರಾಕೆಟ್‌ನಲ್ಲಿಯೂ ಅಂಚು ಬದಲಾಗುತ್ತದೆ, ಜಾಡು ಅದೇ ವೃತ್ತದಲ್ಲಿ ಉಳಿಯುತ್ತದೆ. ಆದರೆ ದೇಹ ಬಾಗಿಗೆ ಎದುರಾಗಿ ತಿರುಗುವುದರಿಂದ ಮೊನೆ ಹೊರಮುಖವಾಗಿ ಚಾಚಿಕೊಂಡು, ಗಣಿತದ ಪುಷ್ಪಾವರಣದಂತೆ ಕಾಣುತ್ತದೆ. ರಾಕರ್ ಮತ್ತು ಕೌಂಟರ್‌ಗಳಲ್ಲಿ ಅಂಚು ಬದಲಾಗುವುದಿಲ್ಲ, ವೃತ್ತ ಬದಲಾಗುತ್ತದೆ. ರಾಕರ್‌ನಲ್ಲಿ ತ್ರೀ ಟರ್ನ್‌ನಂತೆ ಬಾಗಿನ ದಿಕ್ಕಿಗೆ ತಿರುಗಬೇಕು, ಕೌಂಟರ್‌ನಲ್ಲಿ ಬ್ರಾಕೆಟ್‌ನಂತೆ ಎದುರುದಿಕ್ಕಿಗೆ ತಿರುಗಬೇಕು. ಎರಡು ಕಾಲು, ಮುಂದೆ ಮತ್ತು ಹಿಂದೆ ಎಂಬ ಎರಡು ದಿಕ್ಕು, ಎರಡು ಅಂಚು ಎಂದು ಲೆಕ್ಕ ಹಾಕಿದರೆ ಪ್ರತಿ ತಿರುವಿಗೆ ಎಂಟು ರೂಪಗಳು, ಒಟ್ಟು 32. ಅವುಗಳಲ್ಲಿ ನನಗೆ ನಿಜವಾಗಿ ಎಷ್ಟು ಬರುತ್ತವೆ ಎಂದು ಆ ದಿನ ಯಾರಾದರೂ ಕೇಳಿದ್ದರೆ ನಾನು ಇಪ್ಪತ್ತು ಎನ್ನುತ್ತಿದ್ದೆ. ಜಾಡನ್ನು ನೋಡಿ ಎಣಿಸಿದ ಮೇಲೆ ಉಳಿದದ್ದು ಒಂಬತ್ತು.

ಯಾವ ತಿರುವು ಏಕೆ ಕಷ್ಟ ಎಂಬುದೂ ಈ ಎರಡು ಪ್ರಶ್ನೆಗಳಿಂದಲೇ ತಿಳಿಯುತ್ತದೆ. ಒಂದು ಬಾಗಿನ ಮೇಲೆ ಸಾಗುತ್ತಿರುವ ದೇಹ ಆಗಲೇ ಆ ದಿಕ್ಕಿಗೆ ನಿಧಾನವಾಗಿ ತಿರುಗುತ್ತಿರುತ್ತದೆ. ತ್ರೀ ಟರ್ನ್‌ನಲ್ಲಿ ಆ ತಿರುಗಾಟವೇ ನಮ್ಮನ್ನು ಮೊನೆಯೊಳಕ್ಕೆ ಕರೆದೊಯ್ಯುತ್ತದೆ, ಹೊರಬರುವ ಬಾಗೂ ಅದೇ ದಿಕ್ಕಿನದು. ಹೋಗುವುದೂ ಸುಲಭ, ಬರುವುದೂ ಸುಲಭ. ರಾಕರ್‌ನಲ್ಲಿ ಒಳಹೋಗುವುದು ಅಷ್ಟೇ ಸುಲಭ. ಆದರೆ ಹೊರಬರುವ ಬಾಗು ನಾವು ತಿರುಗಿದ ದಿಕ್ಕಿಗೆ ವಿರುದ್ಧವಾದದ್ದರಿಂದ ತಿರುಗುತ್ತಿರುವ ದೇಹವನ್ನು ಅಲ್ಲೇ ತಡೆದು ಹಿಂದಕ್ಕೆ ಒಗೆಯಬೇಕಾಗುತ್ತದೆ. ಕೌಂಟರ್ ಇದರ ತಲೆಕೆಳಗು: ಬಾಗಿನ ವಿರುದ್ಧ ದೇಹವನ್ನು ಹೊರಳಿಸಿ ಒಳನುಗ್ಗುವುದೇ ಕಷ್ಟ, ನುಗ್ಗಿದ ಮೇಲೆ ಹೊರಬರುವ ಬಾಗು ನಮ್ಮ ಕಡೆಗೇ ಇರುತ್ತದೆ. ಬ್ರಾಕೆಟ್‌ನಲ್ಲಿ ಎರಡೂ ಕಡೆ ಬಾಗು ನಮ್ಮ ವಿರುದ್ಧವೇ. ಈ ಲೆಕ್ಕಾಚಾರವನ್ನು ಕಾಗದದ ಮೇಲೆ ಬರೆದುಕೊಂಡ ದಿನ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ನನ್ನ ರಾಕರ್ ಹೊರಬರುವಾಗಲೇ ಏಕೆ ಕೆಡುತ್ತಿತ್ತು, ಕೌಂಟರ್ ಒಳಹೋಗುವ ಮುನ್ನವೇ ಏಕೆ ಕೆಡುತ್ತಿತ್ತು ಎಂಬುದಕ್ಕೆ ನನ್ನ ಆಲಸ್ಯವನ್ನು ಬಿಟ್ಟು ಬೇರೊಂದು ಕಾರಣವೂ ಸಿಕ್ಕಿತ್ತು.

ಇದಕ್ಕಿಂತ ಆಳದಲ್ಲಿ ಇನ್ನೊಂದು ಕಾರಣವಿತ್ತು. ಅದು ತಲೆಗೆ ಹೋಗಲು ನನಗೆ ಹೆಚ್ಚು ಸಮಯ ಹಿಡಿಯಿತು. ಅಂಚಿನ ಮೇಲೆ ನಿಲ್ಲುವುದೆಂದರೆ ವೃತ್ತದ ನಡುವಿನ ಕಡೆಗೆ ವಾಲುವುದು. ತ್ರೀ ಟರ್ನ್ ಮಾಡುವಾಗ ವೃತ್ತ ಅದೇ ಆದ್ದರಿಂದ, ರಿಂಕಿನ, ಅಂದರೆ ಸ್ಕೇಟಿಂಗ್ ಅಂಗಳದ, ಗೋಡೆಗಳ ಲೆಕ್ಕದಲ್ಲಿ ನೋಡಿದರೆ, ನಮ್ಮ ವಾಲು ಬದಲಾಗುವುದೇ ಇಲ್ಲ. ನಾವು ವಾಲಿಕೊಂಡೇ ಬೆನ್ನು ತಿರುಗಿಸುತ್ತೇವೆ, ಅಷ್ಟೇ. ರಾಕರ್ ಮತ್ತು ಕೌಂಟರ್‌ಗಳಲ್ಲಿ ಪಾದದ ಲೆಕ್ಕದಲ್ಲಿ ವಾಲು ಬದಲಾಗುವುದಿಲ್ಲ, ಹೊರ ಅಂಚಾಗಿದ್ದರೆ ಹೊರ ಅಂಚೇ. ಆದರೆ ರಿಂಕಿನ ಲೆಕ್ಕದಲ್ಲಿ ಇಡೀ ದೇಹ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ದಾಟಬೇಕು, ಅದೂ ತಿರುಗುತ್ತಿರುವ ಆ ಒಂದೇ ಕ್ಷಣದಲ್ಲಿ. ಕಣ್ಣೂ ಕಿವಿಯೊಳಗಿನ ಸಮತೋಲನದ ಅಂಗವೂ ನಂಬಿಕೊಂಡಿರುವುದು ರಿಂಕನ್ನು, ಪಾದವನ್ನಲ್ಲ. ಆದ್ದರಿಂದ ದೇಹ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಲು ಒಪ್ಪುವುದಿಲ್ಲ. ಮೊದಲು ತಿರುಗಿ ಆಮೇಲೆ ದಾಟುತ್ತದೆ, ಇಲ್ಲವೇ ಮೊದಲು ದಾಟಿ ಆಮೇಲೆ ತಿರುಗುತ್ತದೆ. ರಾಕರ್‌ನಲ್ಲಿ ಮೊದಲು ತಿರುಗಿದರೆ ಅದು ತ್ರೀ ಟರ್ನ್ ಮತ್ತು ಅಂಚಿನ ಬದಲಾವಣೆಯಾಗುತ್ತದೆ, ನನ್ನದು ಇದೇ. ಕೌಂಟರ್‌ನಲ್ಲಿ ಮೊದಲು ದಾಟಿದರೆ ಹೊರ ಅಂಚು ಒಳ ಅಂಚಾಗಿ, ಉಳಿಯುವುದು ಒಳ ಅಂಚಿನ ಒಂದು ತ್ರೀ ಟರ್ನ್ ಮಾತ್ರ. ನನ್ನ ಕೌಂಟರ್‌ಗಳ ಕಥೆಯೂ ಅದೇ ಆಗಿತ್ತೆಂದು ಮರುವಾರ ತಿಳಿಯಿತು. ದೂರದಿಂದ ನೋಡುವವರಿಗೆ ಎರಡೂ ಕಡೆ ಮೊದಲು ಹೊರ ಅಂಚು, ಕೊನೆಗೂ ಹೊರ ಅಂಚು. ಕಳ್ಳತನ ನಡೆಯುವುದು ನಡುವಿನ ಒಂದು ಗೇಣಿನಲ್ಲಿ.

ಹಿಂದೆ ಈ ಕಳ್ಳತನಕ್ಕೆ ಅವಕಾಶವೇ ಇರಲಿಲ್ಲ. ಈ ಆಟದ ಹೆಸರಿನಲ್ಲಿರುವ ಫಿಗರ್ ಎಂದರೆ ಐಸ್ ಮೇಲೆ ಬರೆಯುವ ಆಕೃತಿ. ಎಂಟರ ಅಂಕಿಯಂತೆ ಕೂಡಿಕೊಂಡ ವೃತ್ತಗಳ ಮೇಲೆ ಈ ತಿರುವುಗಳನ್ನೇ ಪೋಣಿಸಿ, ಒಂದೇ ಆಕೃತಿಯನ್ನು ಪ್ರತಿ ಕಾಲಿನಲ್ಲಿ ಮೂರು ಬಾರಿ ಗೆರೆಯ ಮೇಲೆ ಗೆರೆ ಕೂರುವಂತೆ ಎಳೆಯಬೇಕಿತ್ತು; ವೃತ್ತದ ವ್ಯಾಸ ಸ್ಕೇಟರಿನ ಎತ್ತರದ ಸುಮಾರು ಮೂರರಷ್ಟು. ಆಮೇಲೆ ತೀರ್ಪುಗಾರರು ಐಸ್ ಮೇಲೆ ನಡೆದುಬಂದು, ಬಗ್ಗಿ, ಗೆರೆಗಳನ್ನು ಪರೀಕ್ಷಿಸುತ್ತಿದ್ದರು. 1968ರವರೆಗೆ ಒಟ್ಟು ಅಂಕಗಳಲ್ಲಿ ಶೇಕಡ 60 ಇವಕ್ಕೇ ಮೀಸಲಾಗಿತ್ತು. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಟ್ರಿಕ್ಸಿ ಶೂಬಾ ಅವರು ಜಿಗಿತ, ಸುತ್ತುಗಳಿರುವ ಫ್ರೀ ಸ್ಕೇಟಿಂಗ್‌ನಲ್ಲಿ ಏಳನೆಯವರಾಗಿದ್ದರೂ ಆಕೃತಿಗಳಲ್ಲಿ ಗಳಿಸಿದ್ದ ಮುನ್ನಡೆಯಿಂದಲೇ ಚಿನ್ನ ಗೆದ್ದರು. ಫ್ರೀ ಸ್ಕೇಟಿಂಗ್‌ನಲ್ಲಿ ಮೊದಲಿಗರಾದ ಅಮೆರಿಕದ ಜಾನೆಟ್ ಲಿನ್ ಅವರಿಗೆ ಸಿಕ್ಕಿದ್ದು ಕಂಚು. ದೂರದರ್ಶನದ ಮುಂದೆ ಕುಳಿತವರಿಗೆ ಗೆರೆ ಕಾಣದು, ಕುಣಿತ ಕಾಣುತ್ತದೆ. ಅವರಿಗೆ ಇದು ಅರ್ಥವಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆಕೃತಿಗಳ ಪಾಲು ಹಂತಹಂತವಾಗಿ ಇಳಿದು, 1990ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಅವುಗಳ ಕೊನೆಯದಾಯಿತು. ಅವು ಮತ್ತೆ ಬರಬೇಕೆಂದು ನಾನೇನೂ ಹಂಬಲಿಸುವುದಿಲ್ಲ. ಗಂಟೆಗಟ್ಟಲೆ ಮೌನವಾಗಿ ವೃತ್ತ ಸುತ್ತುವ ಅಭ್ಯಾಸ ನನ್ನಂಥವರ ತಾಳ್ಮೆಗೆ ಮೀರಿದ್ದು. ಆದರೆ ಅವುಗಳ ಜೊತೆಗೆ ಸ್ವಂತ ಜಾಡನ್ನು ಹಿಂತಿರುಗಿ ನೋಡುವ ರೂಢಿಯೂ ಹೊರಟುಹೋಯಿತು ಎಂಬುದು ನನ್ನ ದೂರು. ನಾನೂ ನನ್ನ ಜೊತೆ ಕಲಿಯುವವರೂ ಮೊಬೈಲಿನಲ್ಲಿ ನಮ್ಮ ಚಿತ್ರೀಕರಣ ನೋಡಿಕೊಳ್ಳುತ್ತೇವೆ; ಅದರಲ್ಲಿ ಕೈಗಳು ಚೆನ್ನಾಗಿ ಕಾಣುತ್ತವೆ, ಅಂಚು ಕಾಣುವುದಿಲ್ಲ.

ತಿರುವುಗಳ ಬೆಲೆ ಇಳಿದಿಲ್ಲ ಎಂಬುದನ್ನೂ ಹೇಳಬೇಕು. 2004ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹೊಸ ಅಂಕಪದ್ಧತಿಯನ್ನು ತಂದ ಮೇಲೆ ಹೆಜ್ಜೆಗಳ ಸರಣಿಗೂ ಮಟ್ಟಗಳು ಬಂದವು. ಏಕವ್ಯಕ್ತಿ ವಿಭಾಗದಲ್ಲಿ ಅತ್ಯುನ್ನತವಾದ ನಾಲ್ಕನೆಯ ಮಟ್ಟಕ್ಕೆ ಈಚಿನ ನಿಯಮಗಳಂತೆ ಕನಿಷ್ಠ 11 ಕಠಿಣ ತಿರುವು ಮತ್ತು ಹೆಜ್ಜೆಗಳು ಬೇಕು, ಯಾವ ಬಗೆಯೂ ಎರಡಕ್ಕಿಂತ ಹೆಚ್ಚು ಬಾರಿ ಲೆಕ್ಕಕ್ಕೆ ಬರುವುದಿಲ್ಲ. ಬ್ರಾಕೆಟ್, ರಾಕರ್, ಕೌಂಟರ್, ಪೂರ್ಣಸುತ್ತಿನ ಲೂಪ್, ಸಾಗುತ್ತಲೇ ಸುತ್ತುವ ಟ್ವಿಜಲ್‌ಗಳು ಕಠಿಣವೆಂದು ಎಣಿಕೆಯಾಗುತ್ತವೆ. ತ್ರೀ ಟರ್ನ್ ಆಗುವುದಿಲ್ಲ. ಅಂದರೆ ನನ್ನ ರಾಕರ್ ಅಂಥ ಕಡೆ ಸೊನ್ನೆ.

ಕೋಚ್ ನನ್ನನ್ನು ತ್ರೀ ಟರ್ನ್‌ಗೇ ಹಿಂದಿರುಗಿಸಿದರು. ಆರು ವಾರ ಬೇರೇನೂ ಮಾಡಬಾರದು ಎಂಬುದು ಅವರ ಆಜ್ಞೆ. ನಾನು ಮನಸ್ಸಿನಲ್ಲಿ ಗೊಣಗಿಕೊಂಡೆ, ಆದರೆ ಮೀರಲಿಲ್ಲ. ಮೊದಲ ಪಾಠ ತಿರುವಿನದಲ್ಲ, ತಿರುವಿಗೆ ಮುಂಚಿನ ಅಂಚಿನದು. ಹಾಕಿ ಆಟಕ್ಕೆಂದು ರಿಂಕಿನಲ್ಲಿ ಬರೆದಿರುವ 4.5 ಮೀಟರ್ ತ್ರಿಜ್ಯದ ವೃತ್ತದ ಮೇಲೆ ಒಂಟಿಕಾಲಿನಲ್ಲಿ ಜಾರುತ್ತ, ತಿರುಗುವ ಮುನ್ನ ಗೆರೆ ನೇರವಾಗುತ್ತಿದೆಯೇ ಎಂದು ನೋಡಬೇಕು. ನೇರವಾಗುತ್ತಿತ್ತು. ತಿರುಗಬೇಕೆಂಬ ಆತಂಕ ಬಂದ ಕೂಡಲೇ ನಾನು ಸೊಂಟದಲ್ಲಿ ನೆಟ್ಟಗಾಗಿ, ಕೊನೆಯ ಅರ್ಧ ಮೀಟರ್‌ನಲ್ಲಿ ಎರಡೂ ಅಂಚುಗಳ ಮೇಲೆ ನಿಂತು, ಆಮೇಲೆ ಭುಜಗಳನ್ನು ಎಸೆದು ತಿರುಗುತ್ತಿದ್ದೆ. ಹಾಗೆ ತಿರುಗಿದಾಗ ಬ್ಲೇಡು ಐಸನ್ನು ಕೆರೆಯುವ ಕರ್ಕಶ ಸದ್ದು ಬರುತ್ತದೆ. ಚೊಕ್ಕವಾದ ತಿರುವಿನಲ್ಲಿ ಕೇಳಿಸುವುದು ಹೆಚ್ಚೆಂದರೆ ಒಂದು ಸಣ್ಣ ಸರಕ್. ಈಗ ಪಕ್ಕದಲ್ಲಿ ಅಭ್ಯಾಸ ಮಾಡುವವರ ತಿರುವು ಹೇಗಾಯಿತೆಂದು ನಾನು ನೋಡದೆಯೂ ಹೇಳಬಲ್ಲೆ. ಇದರಿಂದ ಸ್ನೇಹಗಳೇನೂ ಬೆಳೆದಿಲ್ಲ.

ಬ್ಲೇಡ್ ಉದ್ದಕ್ಕೂ ನೇರವಾಗಿಲ್ಲ, ಸಾಮಾನ್ಯವಾಗಿ 7 ಅಥವಾ 8 ಅಡಿ ತ್ರಿಜ್ಯದ ವೃತ್ತದ ತುಣುಕಿನಂತೆ ತುಸು ಬಾಗಿದೆ. ಗೊಂದಲಕ್ಕೆಂದೇ ಇರಬೇಕು, ಆ ಬಾಗಿಗೂ ರಾಕರ್ ಎಂದೇ ಹೆಸರು. ಈ ಬಾಗಿನಿಂದಾಗಿ ಯಾವುದೇ ಕ್ಷಣದಲ್ಲಿ ಬ್ಲೇಡಿನ ಸ್ವಲ್ಪ ಭಾಗ ಮಾತ್ರ ಐಸನ್ನು ಮುಟ್ಟುತ್ತದೆ. ಮುಂದಕ್ಕೆ ಸಾಗುತ್ತ ಹಿಂದಕ್ಕೆ ತಿರುಗುವಾಗ ಭಾರ ಪಾದದ ಮುಂಭಾಗದ ಉಬ್ಬಿನ ಕೆಳಗೆ, ಬ್ಲೇಡಿನ ಮುಂತುದಿಯ ಹಲ್ಲುಗಳಿಗಿಂತ ತುಸು ಹಿಂದೆ ಇರಬೇಕು. ಹಿಂದಕ್ಕೆ ಸಾಗುತ್ತ ಮುಂದಕ್ಕೆ ತಿರುಗುವಾಗ ಭಾರ ಹಿಮ್ಮಡಿಯ ಕಡೆಗೆ ಸರಿಯಬೇಕು. ನಾನು ಎರಡನ್ನೂ ಪಾದದ ನಡುವಿನ ಮೇಲೆ ಮಾಡುತ್ತಿದ್ದೆ, ಏಕೆಂದರೆ ಹಲ್ಲು ತಗುಲಿ ಮುಗ್ಗರಿಸಿ ಬಿದ್ದ ನೆನಪು ಮಂಡಿಯಲ್ಲಿ ಇನ್ನೂ ಹಸಿಯಾಗಿತ್ತು. ಜೊತೆಗೆ ಮಂಡಿಯ ಲಯವೂ ಬೇಕು: ಬಗ್ಗಿಸಿಕೊಂಡು ಬರುವುದು, ಮೊನೆಯಲ್ಲಿ ಏಳುವುದು, ಹೊರಬಂದ ಕೂಡಲೇ ಮತ್ತೆ ಬಗ್ಗಿಸುವುದು. ಏಳುವ ಕ್ಷಣದಲ್ಲಿ ಬ್ಲೇಡಿನ ಮೇಲಿನ ಭಾರ ಹಗುರಾಗುತ್ತದೆ. ತಿರುಗಲು ಇರುವ ಕಿಂಡಿ ಅದೊಂದೇ.

ಇನ್ನು ದೇಹದ ತಿರುಚು. ಬಟ್ಟೆ ಹಿಂಡುವಾಗ ಎರಡು ಕೈಗಳು ವಿರುದ್ಧ ದಿಕ್ಕಿಗೆ ತಿರುಗುವಂತೆ, ಭುಜ ಮತ್ತು ಸೊಂಟ ಒಂದಕ್ಕೊಂದು ವಿರುದ್ಧವಾಗಿ ತಿರುಚಿಕೊಳ್ಳಬೇಕು. ಎಡಗಾಲಿನ ಮುಂಮುಖ ಹೊರ ಅಂಚಿನ ರಾಕರ್‌ಗೆ ಮುಂಚೆ ಬಲಭುಜ ಮುಂದೆ ಬಂದು, ಎಡಭುಜ ಹಿಂದೆ ಸರಿದು, ದೇಹದ ಮೇಲ್ಭಾಗ ವೃತ್ತದೊಳಕ್ಕೆ ಮುಖ ಮಾಡುತ್ತದೆ. ಸೊಂಟ ಇನ್ನೂ ಹಿಂದುಳಿದಿರುತ್ತದೆ. ಮೊನೆಯಲ್ಲಿ ಸೊಂಟ ಮತ್ತು ಪಾದ ಒಟ್ಟಿಗೆ ತಿರುಗಿ ಭುಜಗಳನ್ನು ಹಾದುಹೋಗುತ್ತವೆ, ಭುಜಗಳು ಅದೇ ಕ್ಷಣದಲ್ಲಿ ಎದುರುದಿಕ್ಕಿಗೆ ಎಳೆದು ತಡೆ ಒಡ್ಡುತ್ತವೆ. ಆ ತಡೆ ಇಲ್ಲದಿದ್ದರೆ ದೇಹ ಬುಗುರಿಯಂತೆ ಸುತ್ತುತ್ತಲೇ ಹೋಗುತ್ತದೆ. ತ್ರೀ ಟರ್ನ್‌ನಲ್ಲಿ ತಡೆ ಸ್ವಲ್ಪ ಸಡಿಲವಾದರೂ ನಡೆದುಹೋಗುತ್ತದೆ, ಹೊರಬರುವ ಬಾಗು ಅದೇ ದಿಕ್ಕಿನದಾದ್ದರಿಂದ ತಪ್ಪು ಮುಚ್ಚಿಕೊಳ್ಳುತ್ತದೆ, ರಾಕರ್‌ನಲ್ಲಿ ಮುಚ್ಚಿಕೊಳ್ಳುವುದಿಲ್ಲ. ಆರು ವಾರ ನಾನು ಕಲಿತದ್ದು ಮುಖ್ಯವಾಗಿ ಈ ತಡೆಯನ್ನು. ಪ್ರತಿ ತ್ರೀ ಟರ್ನ್ ಆದ ಮೇಲೆ, ಭುಜಗಳನ್ನು ಅಲುಗಿಸದೆ, ಮೂರು ಎಣಿಸುವಷ್ಟು ಹೊತ್ತು ಹಿಂಬದಿಯ ಒಳ ಅಂಚಿನ ಮೇಲೆ ನಿಲ್ಲಬೇಕಿತ್ತು. ಮೊದಲ ವಾರ ಒಂದು ಎಣಿಸುವುದರೊಳಗೆ ಎರಡನೆಯ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು.

ವೇಗದ ವಿಷಯದಲ್ಲಿ ನನ್ನ ತಿಳಿವಳಿಕೆ ಪೂರ್ತಿ ತಲೆಕೆಳಗಾಗಿತ್ತು. ಕಷ್ಟದ ತಿರುವನ್ನು ನಿಧಾನವಾಗಿ ಮಾಡಿದರೆ ಸುಲಭವಾದೀತು ಎಂದುಕೊಂಡಿದ್ದೆ. ಆದರೆ ವಾಲಿನ ಕೋನವನ್ನು ನಿರ್ಧರಿಸುವುದು ವೇಗ ಮತ್ತು ವೃತ್ತದ ಅಳತೆ. 4.5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಸಾಗಿದರೆ ದೇಹ ವಾಲುವುದು ಸುಮಾರು 5 ಡಿಗ್ರಿ ಮಾತ್ರ. ವೇಗವನ್ನು ಇಮ್ಮಡಿಗೊಳಿಸಿದರೆ ಸುಮಾರು 20 ಡಿಗ್ರಿ. ಐದೇ ಡಿಗ್ರಿ ವಾಲಿದಾಗ ಸ್ವಲ್ಪ ತಡವರಿಸಿದರೂ ಎರಡೂ ಅಂಚುಗಳು ಐಸನ್ನು ಮುಟ್ಟಿಬಿಡುತ್ತವೆ. ನಿಧಾನವಾಗಿ ಹೋಗಿ ನಾನು ಅಂಚನ್ನೇ ಕಳೆದುಕೊಳ್ಳುತ್ತಿದ್ದೆ. ಹೀಗೆಂದು ಗೊತ್ತಾದ ಮೇಲೂ ವೇಗ ಹೆಚ್ಚಿಸಲು ಧೈರ್ಯ ಬಂದದ್ದು ತಿಂಗಳು ಕಳೆದ ಮೇಲೆ.

ಏಳನೆಯ ವಾರ ರಿಂಕಿನ ಅಡ್ಡಗೆರೆಯೊಂದನ್ನು ಅಕ್ಷವಾಗಿಟ್ಟುಕೊಂಡು, ಅದರ ಒಂದು ಬದಿಗೆ ಅರ್ಧವೃತ್ತ, ಗೆರೆಯ ಮೇಲೆ ತಿರುವು, ಇನ್ನೊಂದು ಬದಿಗೆ ಅರ್ಧವೃತ್ತ ಎಂದು ರಾಕರ್ ಶುರುವಾಯಿತು. ವಾಲನ್ನು ದಾಟಿಸುವ ಭಯಕ್ಕೆ ಕೋಚ್ ಕೊಟ್ಟ ಉಪಾಯ ಸರಳವಾದದ್ದು: "ಹೊಸ ವೃತ್ತದ ನಡುವನ್ನು ಮೊದಲೇ ಗುರುತು ಹಾಕಿಕೊಳ್ಳಿ. ತಿರುಗಿದ ಮೇಲೆ ಸೊಂಟವನ್ನು ಅದರ ಕಡೆಗೆ ಬೀಳಲು ಬಿಡಿ." ಬೀಳಲು ಬಿಡಿ ಎಂಬ ಮಾತನ್ನು ನಾನು ಒಂದೆರಡು ಸಲ ಅಕ್ಷರಶಃ ಪಾಲಿಸಿದೆ. ಹತ್ತನೆಯ ವಾರದಲ್ಲಿ ಒಮ್ಮೆ, ಮೊನೆಯ ಎರಡೂ ಕಡೆ ಒಂಟಿಗೆರೆಯೇ ಇರುವ ಜಾಡು ಬಿತ್ತು. ಅದನ್ನು ನೋಡುತ್ತ ನಿಂತದ್ದಕ್ಕೆ ಹಿಂದಿನಿಂದ ಬರುತ್ತಿದ್ದವರಿಂದ ಬೈಸಿಕೊಂಡೆ, ಅದು ನ್ಯಾಯವೇ.

ಕೌಂಟರ್ ಇನ್ನೂ ಹಟಮಾರಿ. ಅದರಲ್ಲಿ ಎಡಗಾಲಿನ ಮೇಲೆ ಎಡಕ್ಕೆ ಬಾಗುತ್ತಿರುವಾಗಲೇ ದೇಹವನ್ನು ಬಲಕ್ಕೆ ತಿರುಚಬೇಕು, ತಿರುಚುತ್ತಲೂ ಎಡಕ್ಕೆ ವಾಲಿಯೇ ಇರಬೇಕು. ಜಿಗಿತಗಳಲ್ಲಿ ಲುಟ್ಜ್ ಕಷ್ಟವಾಗಲು ಇದೇ ಕಾರಣ: ಅಲ್ಲಿಯೂ ಬರುವ ಬಾಗು ಒಂದು ಕಡೆಗೆ, ಸುತ್ತುವುದು ಇನ್ನೊಂದು ಕಡೆಗೆ, ಕೊನೆಯ ಗಳಿಗೆಯಲ್ಲಿ ಹೊರ ಅಂಚು ಒಳ ಅಂಚಿಗೆ ಜಾರಿಬಿಡುವ ದೋಷ ದೊಡ್ಡ ದೊಡ್ಡ ಸ್ಪರ್ಧಿಗಳನ್ನೂ ಕಾಡಿದೆ. ಜಪಾನಿನ ಯುಜುರು ಹನ್ಯು ಹಿಮ್ಮುಖ ಕೌಂಟರ್ ಒಂದನ್ನು ಮಾಡಿ, ಅದರಿಂದಲೇ ನೇರವಾಗಿ ಮೂರೂವರೆ ಸುತ್ತಿನ ಜಿಗಿತವಾದ ಟ್ರಿಪಲ್ ಆಕ್ಸೆಲ್‌ಗೆ ಚಿಮ್ಮುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲು ನೋಡುತ್ತಿದ್ದುದು ಜಿಗಿತವನ್ನು. ಈಗ ಕೌಂಟರ್ ಮುಗಿದ ಕೂಡಲೇ ಹಿಂದಕ್ಕೆ ಎಳೆದು ಮತ್ತೆ ಅದನ್ನೇ ನೋಡುತ್ತೇನೆ.

ಬ್ರಾಕೆಟ್ ಬಗ್ಗೆ ಹೆಚ್ಚು ಬರೆಯುವ ಅರ್ಹತೆ ನನಗಿಲ್ಲ, ಎಂಟರಲ್ಲಿ ಎರಡು ಮಾತ್ರ ಬರುತ್ತವೆ. ಲೂಪ್ ಮತ್ತು ಟ್ವಿಜಲ್ ಬೇರೆಯೇ ಪಾಠಗಳು. ಅವನ್ನು ಇಲ್ಲಿ ಎಳೆದು ತರುವುದಿಲ್ಲ.

ನಡುವೆ ಒಂದು ತಿಂಗಳು ಎಲ್ಲವೂ ಹದಗೆಟ್ಟಿತ್ತು. ಬಲಗಾಲಿನ ಹೊರ ಅಂಚು ಹಿಡಿಯುವುದೇ ಇಲ್ಲ, ಎಷ್ಟು ವಾಲಿದರೂ ಕಾಲು ಪಕ್ಕಕ್ಕೆ ಜಾರುತ್ತದೆ. ನನ್ನ ತಪ್ಪೇ ಎಂದುಕೊಂಡು ಮೂರು ವಾರ ಒದ್ದಾಡಿದ ಮೇಲೆ, ಬೂಟನ್ನು ತಲೆಕೆಳಗಾಗಿ ಹಿಡಿದು, ಬ್ಲೇಡಿನ ಎರಡೂ ಅಂಚುಗಳ ಮೇಲೆ ಅಡ್ಡವಾಗಿ ಒಂದು ನಾಣ್ಯ ಇಟ್ಟು ನೋಡಿದೆ. ನಾಣ್ಯ ಒಂದು ಕಡೆಗೆ ಓರೆಯಾಗಿತ್ತು. ಸಾಣೆ ಹಿಡಿದವರು ಒಳ ಅಂಚನ್ನು ಎತ್ತರವಾಗಿ, ಹೊರ ಅಂಚನ್ನು ತಗ್ಗಾಗಿ ಬಿಟ್ಟಿದ್ದರು. ಬೇರೆಯವರ ಬಳಿ ಮತ್ತೆ ಸಾಣೆ ಹಿಡಿಸಿದ ಮೇಲೆ ಆ ಕಾಲು ಹತೋಟಿಗೆ ಬಂತು. ಅಂದಿನಿಂದ ಪ್ರತಿ ಸಾಣೆಯ ನಂತರ ನಾಣ್ಯ ಇಟ್ಟು ನೋಡಿಯೇ ಬೂಟು ಕಟ್ಟುತ್ತೇನೆ.

ಈಗ ದಿನವೂ ಮೊದಲ ಹತ್ತು ನಿಮಿಷ, ಐಸ್ ಇನ್ನೂ ಕನ್ನಡಿಯಂತಿರುವಾಗ, ಗೋಡೆಯ ಬಳಿ ಯಾರ ದಾರಿಗೂ ಅಡ್ಡವಾಗದ ಮೂಲೆಯಲ್ಲಿ ಒಂದೊಂದೇ ತಿರುವು ಮಾಡಿ, ಹಿಂತಿರುಗಿ ಬಂದು ಬಗ್ಗಿ ನೋಡುತ್ತೇನೆ. ಒಂಬತ್ತಿದ್ದ ಲೆಕ್ಕ ಹದಿನಾಲ್ಕಕ್ಕೆ ಏರಿದೆ. ಎಡಗಾಲಿನ ಮುಂಮುಖ ಹೊರ ಅಂಚಿನ ರಾಕರ್ ಈಗ ಹತ್ತರಲ್ಲಿ ಏಳು ಸಲ ಒಂಟಿಗೆರೆ ಬಿಡುತ್ತದೆ. ಬಲಗಾಲಿನ ಕೌಂಟರ್‌ನಲ್ಲಿ ಮೊನೆಗೆ ಮುಂಚೆ ನಾಲ್ಕು ಬೆರಳಗಲದ ಜೋಡಿಗೆರೆ ಇನ್ನೂ ಉಳಿದಿದೆ. ಹೋದ ತಿಂಗಳು ಅದು ಒಂದು ಗೇಣಿತ್ತು.